ಅವಳಿಯಲ್ಲಿ ಒಂದು ಹೋದಾಗ ತಾಯಿಯನ್ನು ನೋಡುವವರು ಯಾರು?

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ತುಮಕೂರು.

ಮಾನ್ಯರೇ,

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಿಂದ ಬರೆಯುತ್ತಿದ್ದೇನೆ. ಅವಳಿ ಬಸುರಿನಲ್ಲಿ ಒಂದು ಕೂಸು ಹೊಟ್ಟೆಯಲ್ಲೇ ತೀರಿಕೊಂಡರೆ ಆ ತಾಯಿ ಮುಂದೆ ಯಾರಿಗೆ ತೋರಿಸಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಹೆರಿಗೆ ಎಲ್ಲಾಗಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಅವಳ ಕೈಗೆ ಕೊಡಬೇಕು. ನನ್ನ ಮನವಿ ಇಷ್ಟೇ.

ಇಂಥ ಸುದ್ದಿ ಮನೆಗೆ ಬರುವುದು ಸ್ಕ್ಯಾನಿಂಗ್ ರಿಪೋರ್ಟಿನ ಒಂದು ಇಂಗ್ಲಿಷ್ ಸಾಲಾಗಿ. ಒಂದಕ್ಕೆ ಹಾರ್ಟ್‌ಬೀಟ್ ಇಲ್ಲವಂತೆ ಎನ್ನುವಷ್ಟೇ ಮನೆಯವರಿಗೆ ತಿಳಿಯುತ್ತದೆ. ರಿಪೋರ್ಟು ತಾಯಿ ಕಾರ್ಡಿನ ಜತೆ ಪ್ಲಾಸ್ಟಿಕ್ ಕವರು ಸೇರುತ್ತದೆ. 'ಸತ್ತ ಕೂಸಿನ ನಂಜು ತಾಯಿಗೇರುತ್ತೆ, ಈಗಲೇ ತೆಗೆಸಿ' ಎನ್ನುತ್ತಾರೆ ಕೆಲವರು. 'ಇನ್ನೊಂದು ಚೆನ್ನಾಗೈತಲ್ಲ, ಸುಮ್ಮನಿರಿ' ಎನ್ನುತ್ತಾರೆ ಉಳಿದವರು. ಎರಡು ಮಾತನ್ನೂ ನಂಬಿ ಕೂರುವಂತಿಲ್ಲ.

ಮೊದಲ ಮೂರು ತಿಂಗಳಲ್ಲಿ ಒಂದು ಹೋದರೆ ತಾಯಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಐದು ತಿಂಗಳು ದಾಟಿದ ಮೇಲೆ ಹಾಗಲ್ಲ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳುವುದು ಹೆಚ್ಚು. ಕೂಸು ಹೋಗಲು ಬಿ.ಪಿ. ಕಾರಣವಾಗಿದ್ದರೆ ಆ ಬಿ.ಪಿ. ತಾಯಿಯನ್ನೂ ಬಿಡುವುದಿಲ್ಲ. ಅವಳಿಯಿಂದ ಹಿಗ್ಗಿದ ಗರ್ಭಕೋಶ ಹೆರಿಗೆಯಾದ ಮೇಲೆ ಬಿಗಿಯಾಗದಿದ್ದರೆ ರಕ್ತ ನಿಲ್ಲುವುದಿಲ್ಲ. ನಂಜಿನ ಭಯಕ್ಕೂ ಒಂದು ಬುಡವಿದೆ: ಜೀವವಿಲ್ಲದ ಭ್ರೂಣ ನಾಲ್ಕಾರು ವಾರ ಒಳಗೇ ಉಳಿದರೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಇಳಿಯಬಹುದು. ಆದರೆ ಅವಳಿಗಳಲ್ಲಿ ಇದು ತೀರಾ ಅಪರೂಪ. ಈ ಒಂದು ಭಯಕ್ಕೆ ಆತುರದ ಸಿಸೇರಿಯನ್ ಮಾಡಿಸಿದರೆ ದಿನ ತುಂಬದ ಇನ್ನೊಂದು ಕೂಸಿಗೇ ಪೆಟ್ಟು. ಬೇಕಾದ್ದು ತಜ್ಞರ ನಿಗಾ ಮತ್ತು ರಕ್ತಪರೀಕ್ಷೆ.

ಎರಡು ಕೂಸಿಗೂ ಒಂದೇ ಮಾಸು (ಪ್ಲಸೆಂಟಾ) ಇದೆಯೇ, ಬೇರೆ ಬೇರೆಯೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಒಂದೇ ಮಾಸು ಇದ್ದರೆ ಉಳಿದ ಕೂಸೂ ಸಾಯುವ ಸಂಭವ ನೂರಕ್ಕೆ ಸುಮಾರು 15. ಬೇರೆಯಾಗಿದ್ದರೆ ಸುಮಾರು 3. ಮಾಸು ಒಂದೋ ಎರಡೋ ಎಂಬುದು ಚೆನ್ನಾಗಿ ಕಾಣುವುದು 11ರಿಂದ 14ನೇ ವಾರದ ಸ್ಕ್ಯಾನಿಂಗಿನಲ್ಲಿ. ಆಮೇಲೆ ಗುರುತಿಸುವುದು ಕಷ್ಟ.

2022ರ ನವೆಂಬರ್ ತಮಗೆ ನೆನಪಿರಬಹುದು. ತಾಯಿ ಕಾರ್ಡು, ಆಧಾರ್ ಇಲ್ಲವೆಂದು ಅವಳಿ ಬಸುರಿಯೊಬ್ಬರನ್ನು ತುಮಕೂರು ಜಿಲ್ಲಾಸ್ಪತ್ರೆಯಿಂದ ವಾಪಸು ಕಳಿಸಿದರೆಂದು ವರದಿಯಾಯಿತು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಎರಡು ಕೂಸುಗಳೂ ತೀರಿಕೊಂಡರು. ವೈದ್ಯೆ, ನರ್ಸುಗಳು ಅಮಾನತಾದರು. ಕಾರ್ಡು ಇಲ್ಲದವರನ್ನು ತಡೆಯಲು ಅಷ್ಟು ಬಲವಿರುವ ಕಾಗದಕ್ಕೆ, ಕಾರ್ಡು ಇರುವವರನ್ನು ಕಾಯುವ ಬಲವನ್ನೂ ಕೊಡಿ.

ಅವಳಿಯೆಂದು ಗೊತ್ತಾದ ದಿನವೇ ಮಾಸು ಒಂದೋ ಎರಡೋ ಎಂಬುದನ್ನು ಕಾರ್ಡಿನ ಮೇಲೆ ಬರೆಯಲಿ. ಒಂದು ಹೋಯಿತೆಂದು ತಿಳಿದ ಕೂಡಲೇ ಬಿ.ಪಿ., ಪ್ಲೇಟ್‌ಲೆಟ್, ಹೆಪ್ಪುಗಟ್ಟುವ ಪರೀಕ್ಷೆಗಳು, ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್, ಮುಂದಿನ ಸ್ಕ್ಯಾನಿಂಗ್ ತಾರೀಖು ಎಲ್ಲವೂ ಅದರಲ್ಲೇ ಬರಲಿ. ಮಧುಗಿರಿಯಿಂದ ತುಮಕೂರಿಗೆ ಸುಮಾರು 40 ಕಿಲೋಮೀಟರ್. ರಕ್ತ ಸುರಿಯಲು ಶುರುವಾದ ಮೇಲೆ 108ಕ್ಕೆ ಕಾಯುತ್ತಾ ಕೂರುವ ದೂರವಲ್ಲ ಇದು. ಹೆರಿಗೆ ಎಲ್ಲಿ, ರಕ್ತ ಎಲ್ಲಿಂದ ಎಂಬುದು ಮೊದಲೇ ತೀರ್ಮಾನವಾಗಿ, ಆ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿರಬೇಕು.

ಬಾಣಂತನದಲ್ಲೂ ಅವಳನ್ನು ಕೈಬಿಡಬೇಡಿ. ಒಂದು ಕೂಸಿಗೆ ಹಾಲೂಡುತ್ತಾ ಇನ್ನೊಂದಕ್ಕೆ ಅಳುವವಳ ಮುಂದೆ 'ಒಂದಾದರೂ ಉಳೀತಲ್ಲ' ಎಂದು ಎದ್ದುಬರಬಾರದೆಂದು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಿ. ನಿದ್ದೆ, ಊಟ ಬಿಟ್ಟಿದ್ದರೆ ವೈದ್ಯರಿಗೆ ತೋರಿಸಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರೂ ಬೇಡ. ತಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಹೇಗೂ ನಡೆಯುತ್ತದೆ. ಬರುವ 9ರಿಂದಲೇ ಇದು ಜಾರಿಯಾಗಲಿ.

ಇತಿ,
ದೊಡ್ಡೇರಿ ಹೋಬಳಿಯ ನಿವಾಸಿ