ಗಾಳಿಯ ಶುದ್ಧಿ: ಸೋಸುವುದೋ ಕೊಲ್ಲುವುದೋ?

ಗಾಳಿಯನ್ನು ಶುದ್ಧಿಮಾಡುವ ಯಂತ್ರವು ಭೋಗವಸ್ತುವೋ ಅಥವಾ ಔಷಧದ ಸಾಲಿಗೆ ಸೇರತಕ್ಕ ಅವಶ್ಯವಸ್ತುವೋ ಎಂಬ ಪ್ರಶ್ನೆ 2025ರ ಡಿಸೆಂಬರ್ ತಿಂಗಳಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ಯಂತ್ರದ ಮೇಲೆ ಆಗ ಶೇಕಡ 18ರಷ್ಟು ತೆರಿಗೆ ಇದ್ದಿತು. ಅದನ್ನು ವೈದ್ಯಕೀಯ ಸಾಧನವೆಂದು ಎಣಿಸಿ ತೆರಿಗೆಯನ್ನು ಶೇಕಡ 5ಕ್ಕೆ ಇಳಿಸಬೇಕೆಂಬುದು ಅರ್ಜಿದಾರರ ಪ್ರಾರ್ಥನೆ. ತೆರಿಗೆಯನ್ನು ಗೊತ್ತುಮಾಡುವ ಮಂಡಳಿಯು ಬೇಗನೆ ಸೇರಿ ಈ ವಿಷಯವನ್ನು ವಿಚಾರಮಾಡಬೇಕೆಂದು ನ್ಯಾಯಪೀಠವು ಸೂಚಿಸಿತು. ಉಸಿರಿಗೆ ತೆರಿಗೆ ಬಿದ್ದ ಕಾಲವೆಂದು ಕೆಲವರು ನಕ್ಕಿರಬಹುದು. ಆದರೆ ಹೊರಗಿನ ಹೊಗೆಗೆ ಹೆದರಿ ಬಾಗಿಲು ಹಾಕಿಕೊಂಡು ಕುಳಿತ ಊರಿನಲ್ಲಿ ಇದು ನಗುವ ವಿಷಯವಾಗಿರಲಿಲ್ಲ.

ಯಾವುದೇ ವಸ್ತು ಔಷಧವೆನಿಸಿಕೊಳ್ಳಬೇಕಾದರೆ ಅದು ಏನು ಮಾಡುತ್ತದೆ, ಎಷ್ಟು ಮಾಡುತ್ತದೆ ಎಂಬುದು ಮೊದಲು ಗೊತ್ತಾಗಬೇಕಷ್ಟೆ. ಅಂಗಡಿಗೆ ಹೋದರೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಂದು ಬಗೆಯ ಯಂತ್ರ ದೊರೆಯುತ್ತದೆ. ಅರ್ಧ ಲಕ್ಷವನ್ನು ದಾಟುವ ಬೆಲೆಗೆ ಇನ್ನೊಂದು ಬಗೆಯದು. ದುಬಾರಿ ಯಂತ್ರಗಳ ಪೈಕಿ ಹಲವಕ್ಕೆ ಇರುವ ಹೆಚ್ಚಿನ ಒಡವೆಯೆಂದರೆ ನೇರಳಾತೀತ ದೀಪ. ಮೊದಲನೆಯದು ಗಾಳಿಯನ್ನು ‘ಸೋಸುತ್ತದೆ’, ಎರಡನೆಯದು ರೋಗಾಣುಗಳನ್ನು ‘ಕೊಲ್ಲುತ್ತದೆ’ ಎಂದು ಮಾರುವವರ ಮಾತು. ಕೊಲ್ಲುವುದು ಸೋಸುವುದಕ್ಕಿಂತ ದೊಡ್ಡ ಕೆಲಸವೆಂದು ಕೇಳಿದವರಿಗೆ ತೋರುವುದು ಸಹಜ. ಈ ಎರಡು ಕ್ರಿಯಾಪದಗಳ ನಡುವಣ ಅಂತರವನ್ನು ಅಳೆದು ನೋಡಿದರೆ ಬೆಲೆಯ ಅಂತರದ ಯೋಗ್ಯತೆಯೂ ಗೊತ್ತಾಗುತ್ತದೆ.

ನೇರಳಾತೀತ ಕಿರಣದ ಮಹಿಮೆ ಕಟ್ಟುಕಥೆಯಲ್ಲ. ಸೂರ್ಯನ ಬೆಳಕು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಆಂಗ್ಲ ಶೋಧಕರು 1877ರಲ್ಲಿ ತೋರಿಸಿಕೊಟ್ಟರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆಯನ್ನು ರೂಪಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1930ರ ದಶಕದಲ್ಲಿ ಅಮೆರಿಕದ ವಿಲಿಯಂ ವೆಲ್ಸ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ ವೆಲ್ಸ್ ಫಿಲಡೆಲ್ಫಿಯದ ಸುತ್ತಣ ಶಾಲೆಗಳ ಕೊಠಡಿಗಳಲ್ಲಿ, ಮಕ್ಕಳ ತಲೆಗಿಂತ ಎತ್ತರದಲ್ಲಿ, ಈ ದೀಪಗಳನ್ನು ಕಟ್ಟಿಸಿದರು. 1941ರ ದಡಾರದ ಹಾವಳಿಯಲ್ಲಿ ದೀಪವಿದ್ದ ಶಾಲೆಗಳ ಮಕ್ಕಳಿಗೆ ರೋಗ ಅಂಟಿದ್ದು ಕಡಿಮೆ. ಅವರ ಶಿಷ್ಯ ರಿಚರ್ಡ್ ರೈಲಿ 1950ರ ದಶಕದಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ಕೊಠಡಿಯ ಗಾಳಿಯನ್ನು ಗಿನಿಪಿಗ್‌ಗಳಿದ್ದ ಗೂಡುಗಳಿಗೆ ಹಾಯಿಸಿ ಪರೀಕ್ಷಿಸಿದರು. ಹಾಗೆಯೇ ಬಂದ ಗಾಳಿಯನ್ನು ಉಸಿರಾಡಿದ ಪ್ರಾಣಿಗಳಲ್ಲಿ ಅನೇಕಕ್ಕೆ ಕ್ಷಯ ತಗಲಿತು. ನೇರಳಾತೀತ ಕಿರಣವನ್ನು ಹಾಯ್ದುಬಂದ ಗಾಳಿಯನ್ನು ಉಸಿರಾಡಿದವುಗಳಲ್ಲಿ ಒಂದಕ್ಕೂ ತಗಲಲಿಲ್ಲ.

ಇದರ ಕಾರಣ ಸ್ಪಷ್ಟವಾಗಿದೆ. ಪಾದರಸದ ಹಬೆಯ ದೀಪವು ಹೊರಸೂಸುವ 254 ನ್ಯಾನೊಮೀಟರ್ ಅಲೆಯುದ್ದದ ಕಿರಣವು ಜೀವಾಣುವಿನ ವಂಶವಾಹಿ ತಂತುವನ್ನು ಕೆಡಿಸುತ್ತದೆ. ಕೆಟ್ಟ ಮೇಲೆ ಅದು ಮರಿಹಾಕಲಾರದು. ಆದರೆ ಈ ಕೆಲಸಕ್ಕೆ ಎರಡು ಕಟ್ಟುಪಾಡುಗಳುಂಟು: ಕಿರಣ ಸಾಕಷ್ಟು ತೀಕ್ಷ್ಣವಾಗಿರಬೇಕು, ಜೀವಾಣು ಅದರ ಎದುರಿನಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೊಠಡಿಯ ಮೇಲ್ಭಾಗದಲ್ಲಿ ದೀಪಗಳನ್ನಿಟ್ಟು ಗಾಳಿಯನ್ನು ಬೀಸಣಿಗೆಗಳಿಂದ ಕಲಕಿದಾಗ, ಕ್ಷಯ ತಗಲಿದ ಗಿನಿಪಿಗ್‌ಗಳ ಪ್ರಮಾಣ ನೂರಕ್ಕೆ 35ರಿಂದ 10ಕ್ಕೂ ಕೆಳಗೆ ಇಳಿಯಿತು. ಅಲ್ಲಿ ಕೊಠಡಿಯ ಮೇಲರ್ಧವೆಲ್ಲ ಕಿರಣದ ಕ್ಷೇತ್ರ. ಗಾಳಿ ಮತ್ತೆ ಮತ್ತೆ ಅಲ್ಲಿಗೆ ಏರಿ ಇಳಿಯುತ್ತಿತ್ತು.

ಮನೆಯ ಮೂಲೆಯಲ್ಲಿ ನಿಲ್ಲುವ ಪೆಟ್ಟಿಗೆಯೊಳಗಿನ ಸ್ಥಿತಿ ಬೇರೆ. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಗಂಟೆಗೆ 300 ಘನಮೀಟರ್ ಗಾಳಿಯನ್ನು ಸಾಗಿಸುವ ಯಂತ್ರದ ಒಳದಾರಿ 30 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ ಇದೆಯೆಂದು ಇಟ್ಟುಕೊಂಡರೆ, ಗಾಳಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ವೇಗದಲ್ಲಿ ಓಡುತ್ತದೆ. ದೀಪದ ಎದುರಿನ ಜಾಗ 20 ಸೆಂಟಿಮೀಟರ್ ಆಗಿದ್ದರೆ ಜೀವಾಣು ಅಲ್ಲಿರುವುದು ಸೆಕೆಂಡಿನ ಐದನೆಯ ಒಂದು ಭಾಗ. ಅಷ್ಟರೊಳಗೆ ಅದನ್ನು ಕೊಲ್ಲಲು ಬಹು ತೀಕ್ಷ್ಣವಾದ ದೀಪ ಬೇಕು. ಚಿಕ್ಕ ದೀಪದ ನೀಲಿ ಮಿನುಗು ಸಾಲದು. ಆ ನೀಲಿಯಾದರೂ ನೇರಳಾತೀತ ಕಿರಣವಲ್ಲ. ನೇರಳಾತೀತ ಕಿರಣ ಮನುಷ್ಯನ ಕಣ್ಣಿಗೆ ಕಾಣುವುದೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ, ನೀಲಿಯಾಗಿರುವುದೆಲ್ಲ ಔಷಧವಲ್ಲವೆಂದು ಒಂದು ಮಾತನ್ನು ಸೇರಿಸಬಹುದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯುಂಟು. ದೆಹಲಿಯ ಮನೆಯವರು ಯಂತ್ರವನ್ನು ಕೊಳ್ಳುವುದು ಯಾವ ಶತ್ರುವಿಗೆ ಹೆದರಿ? ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಧೂಳಿಗೆ. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲದ ಕಣಗಳಿಗೆ. ಅವು ಪುಪ್ಪುಸದ ಆಳಕ್ಕೆ ಇಳಿದು, ಅಲ್ಲಿಂದ ರಕ್ತಕ್ಕೂ ಸೇರಬಲ್ಲವು. ಘನಮೀಟರ್ ಗಾಳಿಯಲ್ಲಿ ಇಂತಹ ಧೂಳಿನ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ಗೊತ್ತಾದ ಭಾರತದ ಮಿತಿ 40. ದೆಹಲಿಯ ಸರಾಸರಿ ಈಚಿನ ವರ್ಷಗಳಲ್ಲಿ ನೂರರ ಆಸುಪಾಸಿನಲ್ಲಿದೆ. ಈ ಧೂಳು ವಾಹನದ ಮಸಿ, ಕೂಳೆ ಸುಟ್ಟ ಹೊಗೆ, ಕಲ್ಲಿದ್ದಲಿನ ಗಂಧಕದಿಂದಾದ ಲವಣ, ರಸ್ತೆಯ ಮಣ್ಣು ಇವುಗಳ ಮಿಶ್ರಣ. ಇದಕ್ಕೆ ಜೀವವಿಲ್ಲ. ಜೀವವಿಲ್ಲದ್ದನ್ನು ಕೊಲ್ಲುವುದು ಹೇಗೆ? ಮಸಿಯ ಕಣವು ದೀಪದ ಮುಂದೆ ಹಾಯ್ದರೂ ಮಸಿಯಾಗಿಯೇ ಹೊರಬರುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಎಂದು ನಮ್ಮ ಜನ ಹೇಳುವುದು ಇಂತಹ ಶ್ರಮವನ್ನೇ.

ಧೂಳಿಗೆ ಮದ್ದು ಸೋಸುವಿಕೆಯೊಂದೇ. ‘ಹೆಪಾ’ ಎಂದು ಹೆಸರಾಗಿರುವ ಶೋಧಕವು 1940ರ ದಶಕದಲ್ಲಿ ಅಮೆರಿಕದ ಪರಮಾಣು ಯೋಜನೆಯಲ್ಲಿ ವಿಕಿರಣದ ಧೂಳನ್ನು ಹಿಡಿಯುವುದಕ್ಕಾಗಿ ಬೆಳೆದುಬಂದದ್ದು. ಗಾಜಿನ ಸೂಕ್ಷ್ಮ ಎಳೆಗಳನ್ನು ಒತ್ತಿ ಮಾಡಿದ ಮಡಿಕೆ ಮಡಿಕೆಯ ಹಾಳೆ ಅದು. ಹಿಟ್ಟಿನ ಜರಡಿಯಂತೆ ರಂಧ್ರದ ಅಳತೆಯಿಂದ ಮಾತ್ರ ಅದು ಕೆಲಸ ಮಾಡುವುದಿಲ್ಲ. ದಪ್ಪ ಕಣಗಳು ಎಳೆಗೆ ಡಿಕ್ಕಿಹೊಡೆದು ಅಂಟುತ್ತವೆ. ಅತಿಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದು ಎಳೆಯನ್ನು ಸೇರುತ್ತವೆ. ಎರಡಕ್ಕೂ ಸುಲಭವಾಗಿ ಸಿಕ್ಕದ ನಡುವಣ ಗಾತ್ರ 0.3 ಮೈಕ್ರಾನ್, ಅದರಲ್ಲಿಯೂ ನೂರಕ್ಕೆ 99.97 ಹಿಡಿಯಬೇಕೆಂಬುದು ಅಮೆರಿಕದ ಮಾನದಂಡ. ರೋಗಾಣುಗಳು ಎಂಜಲಿನ ಸೂಕ್ಷ್ಮ ಹನಿಗಳನ್ನೇರಿ ತೇಲುವುದರಿಂದ ಅವೂ ಇದೇ ಬಲೆಗೆ ಬೀಳುತ್ತವೆ. ಹಾಗೆ ಸಿಕ್ಕಿಬಿದ್ದವು ಅಲ್ಲಿಯೇ ಒಣಗಿ ಸಾಯುವುದೇ ಸಾಮಾನ್ಯ. ಆದುದರಿಂದ ಒಳ್ಳೆಯ ಶೋಧಕವಿರುವ ಮನೆಯ ಯಂತ್ರದಲ್ಲಿ ದೀಪಕ್ಕೆ ಉಳಿಯುವ ಕೆಲಸ ಅತ್ಯಲ್ಪ. ಒಳ್ಳೆಯ ಶೋಧಕವಿಲ್ಲದ ಯಂತ್ರದಲ್ಲಿ ದೀಪವೊಂದರಿಂದ ಆಗುವ ಪ್ರಯೋಜನವೂ ಅಲ್ಪವೇ.

ನಿಷ್ಪ್ರಯೋಜಕವಾದರೆ ಅದು ಹಣದ ನಷ್ಟ ಮಾತ್ರ. ಆದರೆ ಕೆಲವು ದೀಪಗಳಿಂದ ಕೇಡೂ ಉಂಟು. 240 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳು ಗಾಳಿಯ ಆಮ್ಲಜನಕವನ್ನು ಒಡೆದು ಓಜೋನನ್ನು ಹುಟ್ಟಿಸುತ್ತವೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನು ಮೂಗಿನ ಮಟ್ಟದಲ್ಲಿ ಶ್ವಾಸನಾಳವನ್ನು ಕೆರಳಿಸುವ ವಿಷ, ಉಬ್ಬಸವಿರುವವರಿಗಂತೂ ಶತ್ರು. ಒಳಾಂಗಣದ ಯಂತ್ರಗಳು ಹೊರಬಿಡುವ ಓಜೋನಿನ ಸಾಂದ್ರತೆ ಹತ್ತು ಲಕ್ಷದಲ್ಲಿ 0.050 ಭಾಗವನ್ನು ಮೀರಕೂಡದೆಂದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನ ಕಟ್ಟಳೆ ಮಾಡಿರುವುದು ಈ ಕಾರಣದಿಂದಲೇ. ಉಬ್ಬಸಕ್ಕೆ ಮದ್ದೆಂದು ತಂದ ಯಂತ್ರ ಉಬ್ಬಸವನ್ನೇ ಹೆಚ್ಚಿಸಿದರೆ ಅದನ್ನು ಏನೆಂದು ಕರೆಯಬೇಕು?

ಮಾತಿಗೂ ಅಳತೆಗೂ ಇರುವ ದೂರಕ್ಕೆ ಅಮೆರಿಕದ ಮಾಲೆಕ್ಯೂಲ್ ಎಂಬ ಸಂಸ್ಥೆಯ ಕಥೆ ಒಳ್ಳೆಯ ನಿದರ್ಶನ. ನೇರಳಾತೀತ ಬೆಳಕು ಮತ್ತು ಅದಕ್ಕೆ ಸ್ಪಂದಿಸುವ ಲೇಪನವುಳ್ಳ ಶೋಧಕ, ಇವೆರಡರಿಂದ ಮಾಲಿನ್ಯವನ್ನು ಹಿಡಿಯುವುದಷ್ಟೇ ಅಲ್ಲ, ಅಣುವಿನ ಮಟ್ಟದಲ್ಲಿಯೇ ನಾಶಗೊಳಿಸುತ್ತೇವೆಂದು ಅದು ಸಾರಿತು. ಯಂತ್ರದ ಬೆಲೆ 799 ಡಾಲರ್. 2017ರಲ್ಲಿ ಟೈಮ್ ಪತ್ರಿಕೆ ಅದನ್ನು ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಆದರೆ 2018ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕರ ಪತ್ರಿಕೆ ಹೊಗೆ, ಧೂಳುಗಳನ್ನಿಟ್ಟು ಪರೀಕ್ಷಿಸಿದಾಗ ಫಲ ಕಳಪೆಯಾಗಿ ಬಂದಿತು. 2019ರಲ್ಲಿ ವೈರ್‌ಕಟರ್ ಸಂಸ್ಥೆಯ ಪರೀಕ್ಷಕರೂ ಅದೇ ತೀರ್ಮಾನಕ್ಕೆ ಬಂದರು. ಸ್ಪರ್ಧಿಯೊಬ್ಬರ ದೂರಿನ ಮೇಲೆ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿಯು ಅನೇಕ ಹೇಳಿಕೆಗಳನ್ನು ಕೈಬಿಡುವಂತೆ ಸಲಹೆಮಾಡಿತು. ನ್ಯಾಯವಾಗಿ ಹೇಳಬೇಕಾದರೆ, ಆಸ್ಪತ್ರೆಗಳಿಗಾಗಿ ಮಾಡಿದ ಅದರ ಬೇರೊಂದು ಮಾದರಿಗೆ 2020ರಲ್ಲಿ ಸರಕಾರದ ಔಷಧಾಡಳಿತದ ಅನುಮತಿಯೂ ದೊರೆಯಿತು. ಮುಂದೆ ಆ ಸಂಸ್ಥೆಯೇ ತನ್ನ ಶೋಧಕಕ್ಕೆ ಹೆಪಾ ಪದರವನ್ನು ಸೇರಿಸಿಕೊಂಡಿತು. 2023ರ ಅಕ್ಟೋಬರಿನಲ್ಲಿ ಅದು ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಕೊಲ್ಲುವೆನೆಂದು ಹೊರಟವರು ಕೊನೆಗೆ ಸೋಸುವವನನ್ನೇ ನೆರವಿಗೆ ಕರೆದರೆಂಬುದು ಈ ಕಥೆಯ ಸಾರ.

ಹಾಗಾದರೆ ಯಂತ್ರವನ್ನು ಅಳೆಯುವುದು ಹೇಗೆ? ದೀಪದ ಬಣ್ಣದಿಂದಲ್ಲ, ಅದು ಗಂಟೆಗೆ ಎಷ್ಟು ಘನಮೀಟರ್ ಶುದ್ಧಗಾಳಿಯನ್ನು ಕೊಡುತ್ತದೆಂಬ ಒಂದು ಅಂಕಿಯಿಂದ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಕೊಠಡಿಯ ಗಾಳಿ ಸುಮಾರು 51 ಘನಮೀಟರ್. ಗಂಟೆಗೆ ಐದು ಸಲ ಅದು ಶುದ್ಧಿಯಾಗಬೇಕಾದರೆ 255ರ ಅಂಕಿ ಬೇಕು. ಆಮೇಲೆ ಕೇಳಬೇಕಾದದ್ದು ಶೋಧಕವನ್ನು ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಬೇಕು, ಅದರ ಬೆಲೆಯೇನು, ರಾತ್ರಿ ನಿದ್ರೆಗೆಡಿಸುವಷ್ಟು ಸದ್ದುಂಟೆ ಎಂಬುದನ್ನು. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬವರು ಒಂದು ಸಾಮಾನ್ಯ ಫ್ಯಾನಿಗೆ ನಾಲ್ಕೈದು ಶೋಧಕದ ಹಾಳೆಗಳನ್ನು ಪೆಟ್ಟಿಗೆಯಾಕಾರದಲ್ಲಿ ಅಂಟಿಸುವ ಉಪಾಯವನ್ನು ಹೊರತಂದರು. ಶಾಲೆಯ ಮಕ್ಕಳೂ ಜೋಡಿಸಬಹುದಾದ ಈ ಪೆಟ್ಟಿಗೆ ಗಾಳಿಯನ್ನು ಶುದ್ಧಿಮಾಡುವುದರಲ್ಲಿ ದುಬಾರಿ ಯಂತ್ರಗಳಿಗೆ ಸರಿಗಟ್ಟಿತು. ಅದರಲ್ಲಿ ದೀಪವಿರಲಿಲ್ಲ.

ನಮ್ಮ ನಾಡು ದೆಹಲಿಯಲ್ಲವೆಂದು ನಿಶ್ಚಿಂತರಾಗಿರಲು ಕಾರಣವಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ಆದರೂ ಇಲ್ಲಿ ವರ್ಷದ ಬಹುಭಾಗ ಕಿಟಕಿಯನ್ನು ತೆರೆದಿಡಬಹುದಾದ ಭಾಗ್ಯ ಇನ್ನೂ ಉಳಿದಿದೆ. ಗವಾಕ್ಷಿ, ಬೆಳಕಿಂಡಿ, ತೊಟ್ಟಿಯ ಅಂಗಳಗಳನ್ನು ಬಲ್ಲ ನಾಡಿಗೆ ಇದರ ಬೆಲೆಯನ್ನು ಹೇಳಿಕೊಡಬೇಕಾದದ್ದಿಲ್ಲ. ಲಿಮಾದ ಆಸ್ಪತ್ರೆಗಳಲ್ಲಿಯೇ ನಡೆದು 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಎತ್ತರದ ಮಾಡು ಮತ್ತು ದೊಡ್ಡ ಕಿಟಕಿಗಳಿದ್ದ ಹಳೆಯ ಕಟ್ಟಡಗಳಲ್ಲಿ ಗಾಳಿ ಗಂಟೆಗೆ 40 ಸಲ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ ಕಿಟಕಿ ತೆರೆದರೂ 17 ಸಲ. ರೋಗಾಣುವಿನ ಭಯಕ್ಕೆ ಕಿಟಕಿ ಅಗ್ಗದ ಉತ್ತರ. ಹೊರಗಿನ ಹೊಗೆಯ ಭಯಕ್ಕೆ ಮಾತ್ರ ಅದು ಉತ್ತರವಾಗದು; ಆ ಹೊಗೆ ನಿಲ್ಲಬೇಕಾದದ್ದು ಅದು ಹುಟ್ಟುವ ಜಾಗದಲ್ಲಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೆಹಲಿಯ ಚಳಿಗಾಲದಲ್ಲಿ ಉಬ್ಬಸದ ಮಗುವಿರುವ ಮನೆಗೆ ಗಾಳಿ ಸೋಸುವ ಯಂತ್ರ ಭೋಗವಸ್ತುವಲ್ಲ. ಅದರ ಮೇಲಿನ ತೆರಿಗೆ ಇಳಿದರೆ ನ್ಯಾಯವೇ. ಆದರೆ ಔಷಧದ ಹೆಸರು ಬೇಕೆನ್ನುವವರು ಔಷಧದ ಹೊಣೆಯನ್ನೂ ಹೊರಬೇಕು. ಮಾತ್ರೆಯ ಪೊಟ್ಟಣದ ಮೇಲೆ ಒಳಗೇನಿದೆ, ಎಷ್ಟಿದೆಯೆಂದು ಅಚ್ಚುಹಾಕುವಂತೆ, ಯಂತ್ರದ ಪೆಟ್ಟಿಗೆಯ ಮೇಲೆ ಸ್ವತಂತ್ರ ಪರೀಕ್ಷೆಯಲ್ಲಿ ಅಳೆದ ಶುದ್ಧಗಾಳಿಯ ಪ್ರಮಾಣವೂ ಓಜೋನಿನ ಪ್ರಮಾಣವೂ ಅಚ್ಚಾಗಿರಬೇಕು. ರಿಯಾಯತಿ ಸಲ್ಲಬೇಕಾದದ್ದು ಆ ಅಂಕಿಗೆ, ನೀಲಿ ದೀಪಕ್ಕಲ್ಲ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ಯಂತ್ರ ಸೋಸುವುದು ಒಂದು ಕೊಠಡಿಯ ಗಾಳಿಯನ್ನು. ಚೌಕದಲ್ಲಿ ನಿಂತು ವಾಹನಗಳನ್ನು ನಿಯಂತ್ರಿಸುವ ಪೋಲೀಸಿನವನು, ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕಳು, ಬಯಲಿನಲ್ಲಿ ಆಡುವ ಮಗು ಯಾವ ಕೊಠಡಿಯಲ್ಲೂ ಇಲ್ಲ. ಬಾವಿಗಳಿಗೆ ಬೇಲಿ ಹಾಕಿ ನೀರಿನಲ್ಲಿ ಭೇದವೆಣಿಸಿದ ಪಾಪವನ್ನು ತೊಳೆದುಕೊಳ್ಳುವುದೇ ನಮಗೆ ಇನ್ನೂ ಮುಗಿದಿಲ್ಲ. ಗಾಳಿಯೊಂದು ಮಾತ್ರ ಬೇಲಿಯಿಲ್ಲದೆ ಉಳಿದಿತ್ತು. ಮನೆಮನೆಗೊಂದು ಯಂತ್ರವನ್ನಿಟ್ಟು ಕಿಟಕಿ ಮುಚ್ಚಿಕೊಂಡವರು ಹೊರಗಿನ ಹೊಗೆಯ ಬಗ್ಗೆ ಕೇಳುವುದನ್ನು ಬಿಟ್ಟರೆ, ಆ ಬೇಲಿಯ ಮೊದಲ ಗೂಟವನ್ನು ನಾವೇ ನೆಟ್ಟಂತಾಗುತ್ತದೆ.