ಸೀಟು ಮಡಿ, ಕೈ ಮೈಲಿಗೆ

ಚರ್ಮದ ಮೇಲೆ ಕೂತರೆ ಮೈಲಿಗೆಯಿಲ್ಲ. ಚರ್ಮ ಹದ ಮಾಡಿದವನ ಪಕ್ಕ ಕೂತರೆ ಮೈಲಿಗೆ. ಈ ದೇಶದ ಧರ್ಮಶಾಸ್ತ್ರ ತಿಳಿಯೋಕೆ ನಾಲ್ಕು ವೇದ ಓದಬೇಕಿಲ್ಲ ಸ್ವಾಮಿ, ಒಂದು ಹಳೇ ಸೈಕಲ್ಲಿನ ಸೀಟು ಸಾಕು.

ನಮ್ಮ ಬೆಳ್ಳಾವಿ ಕಡೆಯ ಹಳ್ಳಿಗಳಲ್ಲಿ ಸೈಕಲ್ಲು ಮೊದಲು ಯಾರ ಜಗಲಿಗೆ ಒರಗಿ ನಿಂತಿತ್ತು ಅಂತ ಹಿರಿಯರನ್ನು ಕೇಳಿ ನೋಡಿ. ಶ್ಯಾನುಭೋಗರ ಜಗಲಿ, ಪಟೇಲರ ಜಗಲಿ, ಮೇಷ್ಟರ ಜಗಲಿ ಅಂತಾರೆ. ಮಾದಿಗರ ಹಟ್ಟಿ ಅಂತ ಒಬ್ಬರೂ ಹೇಳೋಲ್ಲ. ಆ ಸೈಕಲ್ಲಿನ ಸೀಟು ದಪ್ಪ ತೊಗಲಿನದು. ಅದು ದನದ ತೊಗಲು ಅಂತ ಕೂತವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಂಚೆ ಎತ್ತಿಕಟ್ಟಿ ಅದರ ಮೇಲೇ ಕೂತು ದೇವಸ್ಥಾನದವರೆಗೂ ತುಳಿದುಕೊಂಡು ಹೋದರು. ಋಷಿಗಳು ಕೃಷ್ಣಾಜಿನದ ಮೇಲೆ ಕೂತರು, ಸ್ವಾಮಿಗಳು ಹುಲಿಚರ್ಮದ ಮೇಲೆ ಕೂತರು. ಕಪಿಲೆ ಬಾವಿಯಿಂದ ತೋಟಕ್ಕೆ ನೀರೆತ್ತಿದ್ದು ಮಾದಿಗ ಹೊಲಿದ ಚರ್ಮದ ಬಾನಿ. ಬಾನಿ ಬಾವಿಗೆ ಇಳಿಯಬಹುದು, ಹೊಲಿದವನು ಇಳಿಯುವಂತಿಲ್ಲ. ಇದು ಇವರ ಮಡಿ.

ಈಗ ಆ ಚರ್ಮದ ಸೀಟಿಗೆ ಹೊಸ ಭಕ್ತರು ಹುಟ್ಟಿಕೊಂಡಿದ್ದಾರೆ. ಊರಲ್ಲಿ ಸೈಕಲ್ಲು ಬಿಟ್ಟು ಬೈಕು ಹತ್ತಿದ ಮನೆತನಗಳ ಮಕ್ಕಳೇ ಬೆಂಗಳೂರಿನಲ್ಲಿ ಮತ್ತೆ ಸೈಕಲ್ಲು ಹತ್ತಿದ್ದಾರೆ. ಸೀಟು ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯದು. ಒಂದೊಂದಕ್ಕೆ ಸಾವಿರಾರು ರೂಪಾಯಿ. ಅದಕ್ಕೆ ಬಿಗಿ ಮಾಡೋಕೆ ಒಂದು ಪುಟ್ಟ ಸ್ಪ್ಯಾನರ್ರು, ಹಚ್ಚೋಕೆ ಪ್ರೂಫೈಡ್ ಅನ್ನುವ ಮುಲಾಮಿನ ಡಬ್ಬಿ. ಆ ಮುಲಾಮಿನಲ್ಲಿ ಇರೋದೇನು ಗೊತ್ತೆ? ಪ್ರಾಣಿಯ ಕೊಬ್ಬು, ಮೀನೆಣ್ಣೆ, ಜೇನುಮೇಣ. ಭಾನುವಾರ ಬೆಳಗ್ಗೆ ಶುದ್ಧ ಸಸ್ಯಾಹಾರಿಗಳು ಆ ಕೊಬ್ಬನ್ನು ಬರಿಗೈಲಿ ತೆಗೆದು, ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕಿದಂತೆ ತೊಗಲಿಗೆ ತಿಕ್ಕುತ್ತಾರೆ. ಅದಕ್ಕೆ ಹವ್ಯಾಸ ಅಂತ ಹೆಸರು. ತಿಕ್ಕಲಿ, ನನ್ನ ತಕರಾರಿಲ್ಲ. ಅದೇ ಕೆಲಸ ಮಾಡಿದ ನಮ್ಮ ಕೈಗೆ ಮಾತ್ರ ಯಾಕೆ ಬೇರೆ ಲೋಟ? ನನ್ನ ಪ್ರಶ್ನೆ ಅಷ್ಟೆ.

ಚರ್ಮದ ಸೀಟಿನ ಆರೈಕೆ ಅಂದರೆ ಏನು, ಬಿಡಿಸಿಯೇ ಹೇಳ್ತೀನಿ. ಅದು ಗುಟ್ಟಿನ ವಿದ್ಯೆಯೇನೂ ಅಲ್ಲ. ಆ ಸೀಟಿನೊಳಗೆ ಸ್ಪಂಜಿಲ್ಲ, ಹತ್ತಿಯಿಲ್ಲ. ಮುಂದಿನ ಮೂತಿಗೂ ಹಿಂದಿನ ಕಬ್ಬಿಣದ ಪಟ್ಟಿಗೂ ನಡುವೆ ತೊಗಲನ್ನು ಎಳೆದು ರಿವೆಟ್ಟು ಹೊಡೆದಿರುತ್ತಾರೆ. ಕೂತವನ ಭಾರವನ್ನೆಲ್ಲ ಆ ಒಂದು ತೊಗಲೇ ತೂಗುಮಂಚದ ಹಾಗೆ ಹೊರುತ್ತದೆ. ಕೂತು ಕೂತು ಅದು ಕೂತವನ ಮೂಳೆಯ ಗುರುತಿಗೆ ಬಗ್ಗುತ್ತದೆ. ಅದಕ್ಕೇ ಮೇಲೆ ಮೇಣ, ಕೊಬ್ಬು ತೆಳ್ಳಗೆ ಹಚ್ಚಬೇಕು. ಅಡಿಭಾಗಕ್ಕೂ ಒಮ್ಮೆ ಹಚ್ಚಬೇಕು, ಚಕ್ರದಿಂದ ಸಿಡಿಯುವ ಕೆಸರು ನೀರು ಬಡಿಯೋದು ಅಲ್ಲಿಗೇ. ಎಣ್ಣೆ ಅಂತ ಹರಳೆಣ್ಣೆಯನ್ನೋ ಹೊಂಗೆಣ್ಣೆಯನ್ನೋ ಸುರಿದರೆ ತೊಗಲು ಮೆತ್ತಗಾಗಿ ಜೋಳಿಗೆಯಂತೆ ಜೋಲುತ್ತದೆ. ನೀರು ಕುಡಿದ ಸೀಟಿನ ಮೇಲೆ ಕೂತರೆ ಹಿಗ್ಗಿ ಆಕಾರ ಕೆಡುತ್ತದೆ. ನೆನೆದರೆ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ, ಒಲೆ ಪಕ್ಕ ಇಟ್ಟರೆ ಬಿರುಕು. ಸಡಿಲವಾದರೆ ಮೂತಿಯ ಕೆಳಗಿನ ಬೋಲ್ಟನ್ನು ಸ್ವಲ್ಪವೇ ತಿರುಗಿಸಬೇಕು. ದುರಾಸೆಯಿಂದ ತಿರುಗಿಸಿದರೆ ರಿವೆಟ್ಟಿನ ಹತ್ತಿರ ತೊಗಲು ಹರಿಯುತ್ತದೆ. ಆಯಿತಲ್ಲ? ಇದರಲ್ಲಿ ಯಾವ ಜಾತಿಯ ಕೈ ಬೇಕು ಅಂತ ಎಲ್ಲಿ ಬರೆದಿದೆ?

ಬೋಲ್ಟು ಮುಗಿದ ಮೇಲೂ ಜೋಲುವ ಸೀಟಿಗೆ ನಮ್ಮವರ ಹತ್ತಿರ ಮದ್ದಿತ್ತು. ಎರಡು ಪಕ್ಕೆಯ ಅಂಚಿಗೂ ಉಳಿಯಲ್ಲಿ ತೂತು ಹಾಕಿ, ಕೆಳಗಿನಿಂದ ತೊಗಲ ದಾರ ಪೋಣಿಸಿ ಬಿಗಿಯೋದು. ನಮ್ಮ ತಾತ ಇಂಥ ಹೊಲಿಗೆ ಹಾಕುತ್ತಿದ್ದ. ಊರಿನ ಒಬ್ಬ ಜಮೀನ್ದಾರ ಸೀಟು ಬಿಗಿಸಿಕೊಂಡು ಹೋಗಿ, ಮನೆಗೆ ಸೇರಿಸುವ ಮುಂಚೆ ಮೈಲಿಗೆ ಕಳೆಯಲಿ ಅಂತ ಅದರ ಮೇಲೆ ಕೊಡಗಟ್ಟಲೆ ನೀರು ಸುರಿಸುತ್ತಿದ್ದನಂತೆ. ಸೀಟು ಮತ್ತೆ ಜೋಲು. ಮತ್ತೆ ತಾತನ ಹತ್ತಿರ.

"ತೊಗಲ್ಗೆ ನೀರ್ ಹಾಕ್ಬ್ಯಾಡಿ ಬುದ್ಧಿ, ಕೆಟ್ಟೋಯ್ತದೆ."

"ನೀನ್ ಮುಟ್ಟಿದ್ದೀಯಲ್ಲೋ, ಹಾಕ್ದೆ ಇರಾಕಾಯ್ತದಾ?"

ಜಾತಿ ಮನುಷ್ಯನನ್ನು ಕೆಡಿಸುತ್ತದೆ ಅಂತ ನಾವು ಸಾವಿರ ಸಲ ಹೇಳಿದ್ದೇವೆ. ಸೀಟನ್ನೂ ಕೆಡಿಸುತ್ತದೆ ಅನ್ನೋದಕ್ಕೆ ಇದು ಸಾಕ್ಷಿ. ಆ ದುರಸ್ತಿಗೆ ಕೊಟ್ಟ ಕೂಲಿ ಏನು? ಎತ್ತರದಿಂದ ಸೆರಗಿಗೆ ಸುರಿದ ರಾಗಿ.

ಸೀಟಿಗೆ ಇಷ್ಟು ಗಟ್ಟಿ ತೊಗಲು ಎಲ್ಲಿಂದ ಬರುತ್ತದೆ? ಕ್ರೋಮ್ ಉಪ್ಪಿನಲ್ಲಿ ಬೇಗ ಹದವಾದ ಮೆತ್ತನೆ ಚರ್ಮ ಇದಕ್ಕೆ ಆಗೋಲ್ಲ. ಮರದ ತೊಗಟೆಯ ರಸದಲ್ಲಿ ನಿಧಾನವಾಗಿ ಹದವಾದದ್ದೇ ಬೇಕು. ಆ ವಿದ್ಯೆ ಹಟ್ಟಿಯದು. ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆ, ಅಳಲೆಕಾಯಿಯ ನೀರಲ್ಲಿ ದಿನಗಟ್ಟಲೆ ಇಟ್ಟು, ಕೈಯಿಂದ ತಿರುವಿ, ಮೂಗಿಂದ ನೋಡಿ ಹದ ಹೇಳುತ್ತಿದ್ದರು. ತಂಗಡಿ ಚಕ್ಕೆಯಲ್ಲಿ ಅರ್ಧ ಹದವಾದ ದಕ್ಷಿಣ ಭಾರತದ ತೊಗಲು ಮದರಾಸಿನ ಬಂದರಿನಿಂದ 'ಈಸ್ಟ್ ಇಂಡಿಯಾ' ತೊಗಲು ಅನ್ನುವ ಹೆಸರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿತು. ಕಂಪನಿಯ ಹೆಸರು ಉಳಿಯಿತು. ಗುಂಡಿಯಲ್ಲಿ ನಿಂತು ಕಾಲು ಕೊಳೆತವನ ಹೆಸರು ಎಲ್ಲೂ ಇಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಚರ್ಮದ ಕೆಲಸ ಶುರುಮಾಡಿ, ಕುದುರೆ ಸರಂಜಾಮು ಮಾಡುತ್ತಿದ್ದ. 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟು ತೆಗೆದ. ಇವತ್ತಿಗೂ ಸೀಟಿನ ಮೇಲೆ ಅವನ ಹೆಸರಿದೆ. ಅಲ್ಲಿಯೂ ರಿವೆಟ್ಟು ಬಡಿದ ಕೂಲಿಗಳ ಹೆಸರಿಲ್ಲ, ಬಂಡವಾಳಶಾಹಿ ಎಲ್ಲ ಕಡೆಯೂ ಒಂದೇ. ಆದರೆ ತೊಗಲು ಮುಟ್ಟಿದ ತಪ್ಪಿಗೆ ಅವನ ಮೊಮ್ಮಕ್ಕಳನ್ನು ಯಾರೂ ಊರ ಹೊರಗೆ ಇಡಲಿಲ್ಲ. ನಮ್ಮಲ್ಲಿ? 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಹೊಲಿದರು ಅಂತ ಕಥೆ. ಅದನ್ನು ಕಣ್ಣೀರು ಹಾಕಿ ಹೇಳುತ್ತಾರೆ. ಅದೇ ಹರಳಯ್ಯ ಬ್ರಾಹ್ಮಣ ಮಧುವರಸನ ಮಗಳನ್ನು ಸೊಸೆಯಾಗಿ ತಂದುಕೊಂಡಾಗ ಎಳೆಹೂಟೆ ಕಟ್ಟಿ ಕೊಂದದ್ದನ್ನು ಮೆಲ್ಲಗೆ ದಾಟಿಸುತ್ತಾರೆ. ನಮ್ಮ ಚರ್ಮ ಬೇಕು, ನಮ್ಮ ನೆಂಟಸ್ತನ ಬೇಡ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಮೆರೆಸಿದ ಚಪ್ಪಲಿಯನ್ನು ನೆನಪು ಮಾಡಿಕೊಳ್ಳಿ. ಅದು ಅಥಣಿ ಕಡೆಯ ನಮ್ಮವರೂ ಹೊಲಿಯುವ ಕೊಲ್ಲಾಪುರಿ. ಗಲಾಟೆಯಾದ ಮೇಲೆ ಇದು ಭಾರತದ ಕಸುಬಿನಿಂದ ಬಂದದ್ದು ಅಂತ ಒಪ್ಪಿಕೊಂಡರು. ಆಗ ಇಡೀ ದೇಶ "ನಮ್ಮ ಪರಂಪರೆ, ನಮ್ಮ ಪರಂಪರೆ" ಅಂತ ಎದೆ ಬಡಿದುಕೊಂಡಿತು. ಪರಂಪರೆ ನಿಮ್ಮದಾದರೆ ಉಳಿ ಯಾಕ್ರೀ ನಮ್ಮ ಕೈಲಿ ಮಾತ್ರ?

ಈಗ ಎರಡು ಬುದ್ಧಿವಾದ ಕೇಳಿಬರುತ್ತವೆ. ಒಂದು, "ನಿಮ್ಮ ಕುಲಕಸುಬು ಉಳಿಸಿಕೊಳ್ಳಿ, ಎಂಥಾ ಕಲೆ!" ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ತಾವೇ ಹೊಲಿದ ಚಪ್ಪಲಿಯನ್ನು 1914ರಲ್ಲಿ ಜನರಲ್ ಸ್ಮಟ್ಸ್‌ಗೆ ಕೊಟ್ಟರು. ದೊಡ್ಡದೇ. ಆದರೆ ಗಾಂಧೀಜಿ ಬೇಕಾದಾಗ ಉಳಿ ಹಿಡಿದರು, ಬೇಡವಾದಾಗ ಕೆಳಗಿಟ್ಟರು. ನಮಗೆ ಕೆಳಗಿಡುವ ಹಕ್ಕೇ ಇರಲಿಲ್ಲ. ಆ ಹಕ್ಕನ್ನು ಕೊಟ್ಟವರು ಬಾಬಾಸಾಹೇಬರು. 1927ರಲ್ಲಿ ಮಹಾಡದಲ್ಲಿ ಸತ್ತ ದನ ಎಳೆಯೋದನ್ನು ಬಿಡಿ ಅಂತ ಕರೆ ಕೊಟ್ಟರು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ವಾಹನಕ್ಕೆ ಕಟ್ಟಿ ಹೊಡೆದಾಗ, ಅಲ್ಲಿನ ದಲಿತರು ಹೆಣ ಎತ್ತೋದನ್ನೇ ನಿಲ್ಲಿಸಿದರು. ನಿಮ್ಮ ತಾಯಿಯನ್ನು ನೀವೇ ಮಣ್ಣು ಮಾಡಿ ಅಂದರು. ಅದು ಸರಿಯಾದ ಉತ್ತರ.

ಎರಡನೆಯ ಬುದ್ಧಿವಾದ ನಮ್ಮೊಳಗಿನದು: "ಆ ಮಾತೇ ಎತ್ತಬೇಡ, ನಾಚಿಕೆ." ಗೆಳೆಯರೇ, ಇದನ್ನು ನಾನು ಒಪ್ಪೋಲ್ಲ. ಬಿ.ಎ. ಮಾಡಿದ ನನ್ನ ಕೈಗೆ ತಾತನ ಉಳಿ ಹಿಡಿಯೋಕೆ ಬರೋಲ್ಲ. ಅದರಲ್ಲಿ ನನಗೆ ಹೆಮ್ಮೆಯೂ ಇಲ್ಲ, ದುಃಖವೂ ಇಲ್ಲ. ಬಿಡಬೇಕಾದದ್ದು ಬಿಟ್ಟಿ ಚಾಕರಿ. ವಿದ್ಯೆ ನಾಚಿಕೆಯದಲ್ಲ. ಅದು ರಸಾಯನಶಾಸ್ತ್ರ, ಅದು ಯಂತ್ರಶಾಸ್ತ್ರ. ಬೇರೆಯವರು ಮಾಡಿದ್ದರೆ ಪಠ್ಯಪುಸ್ತಕದಲ್ಲಿ ಪಾಠವಾಗುತ್ತಿತ್ತು. ಕರ್ನಾಟಕದಲ್ಲಿ 1976ರಲ್ಲೇ ಲಿಡ್ಕರ್ ಅನ್ನುವ ಚರ್ಮ ಕೈಗಾರಿಕಾ ನಿಗಮ ಮಾಡಿದರು. ಒಳ್ಳೆಯದು. ಆದರೆ ನಿಗಮ ಇದ್ದ ಮಾತ್ರಕ್ಕೆ ಚರ್ಮದ ಕೆಲಸ ಒಂದೇ ಜಾತಿಯ ಹಣೆಬರಹ ಅಂತ ಯಾಕಾಗಬೇಕು? ತರಬೇತಿಗೆ ಎಲ್ಲ ಜಾತಿಯ ಹುಡುಗರೂ ಬರಲಿ. ಕಲಿಸುವ ಕುರ್ಚಿಯಲ್ಲಿ ನಮ್ಮ ಹಟ್ಟಿಯ ಮುದುಕರು ಕೂರಲಿ, ಮೇಷ್ಟರ ಸಂಬಳಕ್ಕೆ, ಮೇಷ್ಟರ ಮರ್ಯಾದೆಗೆ.

ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲು ಕೊಡೋಕೆ ಶುರುಮಾಡಿತು. ನಮ್ಮ ಹಟ್ಟಿಯ ಹೆಣ್ಣುಮಕ್ಕಳು ಅದನ್ನು ಹತ್ತಿ ಊರ ಮುಂದಿನ ಬೀದಿಯಲ್ಲೇ ಬೆಲ್ಲು ಹೊಡೆದುಕೊಂಡು ಹೋದರು. ಆ ಸೀಟು ಚರ್ಮದ್ದಲ್ಲ, ಅಗ್ಗದ ರೆಕ್ಸಿನ್ನು. ಆದರೂ ಪಟೇಲರ ಚರ್ಮದ ಸೀಟು ನೂರು ವರ್ಷದಲ್ಲಿ ಮಾಡದ ಕೆಲಸವನ್ನು ಅದು ಮಾಡಿತು.

ಚರ್ಮದ ಸೀಟಿನ ಭಕ್ತರೇ, ನಿಮಗೆ ಕೊನೆಯ ಮಾತು. ಸೀಟು ಚೆನ್ನಾಗಿಟ್ಟುಕೊಳ್ಳಿ. ಆದರೆ ಯಾವ ಕೊಬ್ಬು, ಯಾವ ತೊಗಲು, ಯಾರ ವಿದ್ಯೆ ಅಂತ ತಿಳಿದು ಹಚ್ಚಿ. ರಸ್ತೆಬದಿಯಲ್ಲಿ ಕೂತ ಮೋಚಿಯ ಹತ್ತಿರ ಹೊಲಿಗೆ ಹಾಕಿಸಿದರೆ ಬ್ರೂಕ್ಸ್ ಕಂಪನಿಗೆ ಕೊಡುವ ಹಾಗೆ ಚೌಕಾಸಿಯಿಲ್ಲದೆ ಕೊಡಿ, ಅವನ ಹೆಸರು ಕೇಳಿ, ಅವನ ಮನೆಯ ನೀರು ಕುಡಿಯಿರಿ. ಅಷ್ಟು ಆಗದಿದ್ದರೆ ಅವನ ಹತ್ತಿರ ಹೋಗಲೇಬೇಡಿ. ಸೀಟು ಬಿರುಕು ಬಿಟ್ಟಿದೆಯೆ? ನಿಮಗೂ ಎರಡು ಕೈ ಇದೆ. ಹಚ್ಚಿಕೊಳ್ಳಿ.