ಕತ್ತಲಲ್ಲಿ ಕಾಣುವ ಕ್ಯಾಮೆರಾ, ಕಾವಲುಗಾರನ ಸಂಬಳ

ಕುರೆಕುಪ್ಪದ ಕೆಲವು ಅಂಗಡಿಕಾರ ಮಿತ್ರರು ಹಣ ಕೂಡಿಸಿ ಒಂದು ಥರ್ಮಲ್ ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿದ್ದಾರೆ. ಗೋದಾಮುಗಳ ಹಿಂದೆ ದೀಪವಿಲ್ಲದ ಬಯಲು. ಅಲ್ಲಿ ಕಬ್ಬಿಣದ ಸರಳು, ಕೇಬಲ್ಲಿನ ಸುರುಳಿ, ಹಳೆಯ ಮೋಟಾರುಗಳು ಬಿದ್ದಿರುತ್ತವೆ. ರಾತ್ರಿ ಹೊತ್ತು ಯಾರು ಬಂದರು, ಏನು ಹೊತ್ತೊಯ್ದರು ಎಂಬುದು ಬೆಳಗಾದ ಮೇಲೆಯೇ ತಿಳಿಯುತ್ತದೆ. ಸಣ್ಣ ಬಂಡವಾಳದವನಿಗೆ ಒಂದು ಸುರುಳಿ ಕೇಬಲ್ಲು ಹೋದರೂ ಒಂದು ತಿಂಗಳ ಲಾಭ ಹೋದಂತೆ. ಆದುದರಿಂದ ಅವರ ಆತಂಕವನ್ನು ಹಗುರವಾಗಿ ನೋಡುವಂತಿಲ್ಲ.

ಒಂದು ಕಾಲಕ್ಕೆ ಮಕ್ಕಳಿಗೆ ಲೆಕ್ಕ, ವಿಜ್ಞಾನ ಹೇಳಿಕೊಟ್ಟವನೆಂದು ನನ್ನನ್ನೂ ಆ ಮಾತುಕತೆಗೆ ಕರೆದಿದ್ದರು. ಮಾರಾಟಗಾರರು ಕೊಟ್ಟ ಬಣ್ಣದ ಕಾಗದಗಳು ಮೇಜಿನ ಮೇಲಿದ್ದವು. ಅಷ್ಟರಲ್ಲಿ ಒಬ್ಬರು ಕೇಳಿದರು: "ಮೇಷ್ಟ್ರೇ, ಇದು ಬಂದ್ಮೇಲೆ ಇಬ್ಬರು ವಾಚ್‌ಮನ್ ಯಾಕೆ? ಒಬ್ಬ ಸಾಕಲ್ಲ?" ಆ ಇಬ್ಬರಲ್ಲಿ ಒಬ್ಬ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಅಲ್ಲಿಗೆ ಇದು ಕ್ಯಾಮೆರಾದ ಪ್ರಶ್ನೆಯಷ್ಟೇ ಆಗಿ ಉಳಿಯಲಿಲ್ಲ, ಒಬ್ಬ ಮನುಷ್ಯನ ಅನ್ನದ ಪ್ರಶ್ನೆಯೂ ಆಯಿತು. ಎರಡನ್ನೂ ಒಟ್ಟಿಗೇ ವಿಚಾರ ಮಾಡುವುದು ನ್ಯಾಯ.

ಈ ಯಂತ್ರ ಕಾಣುವುದು ಏನನ್ನು?

ಮೊದಲು ಯಂತ್ರದ ಗುಣ ತಿಳಿಯೋಣ. 1800ರಲ್ಲಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣ ಮುಗಿದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಥರ್ಮಾಮೀಟರ್ ಇನ್ನೂ ಮೇಲೇರಿತು. ಅದನ್ನೇ ಅವಕೆಂಪು ಕಿರಣವೆನ್ನುತ್ತೇವೆ. ಮನುಷ್ಯ, ದನ, ಕಲ್ಲು, ಮೋಟಾರು, ಹೀಗೆ ಪ್ರತಿಯೊಂದೂ ತನ್ನ ಶಾಖಕ್ಕೆ ತಕ್ಕಂತೆ ಈ ಕಿರಣ ಬಿಡುತ್ತಿರುತ್ತದೆ. ಥರ್ಮಲ್ ಕ್ಯಾಮೆರಾ ಆ ಶಾಖದ ಚಿತ್ರವನ್ನು ಬರೆಯುತ್ತದೆ. ಅದಕ್ಕೆ ಬೆಳಕು ಬೇಡ. 2020ರ ಕೊರೋನಾ ಕಾಲದಲ್ಲಿ ಕಾರ್ಖಾನೆಯ ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನು ನೆನಪಿದೆಯಲ್ಲವೇ? ಅದು ಒಂದೇ ಚುಕ್ಕೆಯ ಶಾಖವನ್ನು ಅಳೆಯುತ್ತಿತ್ತು. ಇದರಲ್ಲಿ ಅಂಥ ಸಾವಿರಾರು ಚುಕ್ಕೆಗಳಿರುತ್ತವೆ.

ಇಲ್ಲಿ ಒಂದು ಮೋಸದ ಜಾಗವಿದೆ. ಕೆಂಪು ಸಣ್ಣ ಬಲ್ಬುಗಳ ಸಾಮಾನ್ಯ ಸಿಸಿ ಕ್ಯಾಮೆರಾವನ್ನೂ "ನೈಟ್ ವಿಷನ್" ಎಂದೇ ಮಾರುತ್ತಾರೆ. ಅದು ತಾನೇ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ತಿರುಗಿ ಬಂದುದನ್ನು ನೋಡುತ್ತದೆ. ಅಂಗಡಿಗಳಿಗೆ ಹಾಕುವ ಸಾಧಾರಣ ಮಾದರಿಗಳಲ್ಲಿ ಆ ಬೆಳಕು ಇಪ್ಪತ್ತು ಮೂವತ್ತು ಮೀಟರು ದಾಟಿದರೆ ಮಂಕಾಗುತ್ತದೆ. ಆದರೆ ಮುಖ ತೋರಿಸುವುದು ಅದೇ. ಥರ್ಮಲ್ ಕ್ಯಾಮೆರಾ ಮುಖದ ಗುರುತು ಕೊಡುವುದಿಲ್ಲ, ಬೈಕಿನ ನಂಬರು ಓದುವುದಿಲ್ಲ. ಬಣ್ಣದ ಅಕ್ಷರವೂ ಅದರ ಹಿಂದಿನ ತಗಡೂ ಒಂದೇ ಶಾಖದಲ್ಲಿರುತ್ತವೆ. ಪೊಲೀಸ್ ಠಾಣೆಗೆ ಅದರ ಚಿತ್ರ ಒಯ್ದರೆ "ಯಾರೋ ಒಬ್ಬ ಬಂದಿದ್ದ" ಎನ್ನುವುದಕ್ಕಿಂತ ಹೆಚ್ಚು ಹೇಳಲಾಗದು.

ಗಾಜಿನ ಆಚೆಯೂ ಅದಕ್ಕೆ ಕಾಣದು. ತೋರಿಸಲು ತಂದ ಯಂತ್ರವನ್ನು ನಾನೂ ಕೈಯಲ್ಲಿ ಹಿಡಿದು ಕಿಟಕಿಯ ಗಾಜಿನ ಮೂಲಕ ಬೀದಿಯತ್ತ ನೋಡಿದೆ. ಒಬ್ಬ ಮನುಷ್ಯ ಎದುರಿಗೆ ನಿಂತಂತೆ ಕಂಡಿತು. ಗಾಬರಿಯಾಗಿ ಕೈ ಎತ್ತಿದರೆ ಅವನೂ ಕೈ ಎತ್ತಿದ! ಅದು ಗಾಜಿನಲ್ಲಿ ಕಂಡ ನನ್ನದೇ ಶಾಖದ ಪ್ರತಿಬಿಂಬ. ಸಾಧಾರಣ ಗಾಜು ಈ ಕಿರಣವನ್ನು ಬಿಡುವುದಿಲ್ಲ. ಅದಕ್ಕೆಂದೇ ಇದರ ಮಸೂರವನ್ನು ಜರ್ಮೇನಿಯಂ ಎಂಬ ದುಬಾರಿ ಧಾತುವಿನಿಂದ ಮಾಡುತ್ತಾರೆ. ಬೆಲೆ ಏರಲು ಇದೂ ಒಂದು ಕಾರಣ. ಕಾವಲುಗಾರ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಇದನ್ನು ಬಳಸುತ್ತಾನೆಂದು ಯಾರೂ ಭಾವಿಸಬಾರದು.

ಕರಿಹಲಗೆಯ ಲೆಕ್ಕ

ಕಾಗದದಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾದುದು "ಒಂದು ಕಿಲೋಮೀಟರು ದೂರದ ಮನುಷ್ಯ ಕಾಣುತ್ತಾನೆ" ಎಂಬುದು. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಲೆಕ್ಕ ಹಾಕಿ ನೋಡೋಣ. ಯಂತ್ರದೊಳಗಿನ ಒಂದು ಚುಕ್ಕೆಯ ಅಗಲ 12 ಮೈಕ್ರಾನ್, ಮಸೂರದ ನಾಭಿದೂರ 19 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಆಗ 100 ಮೀಟರು ದೂರದಲ್ಲಿ ಒಂದು ಚುಕ್ಕೆ ಸುಮಾರು 6 ಸೆಂಟಿಮೀಟರು ಜಾಗವನ್ನು ತುಂಬುತ್ತದೆ. ಐದೂವರೆ ಅಡಿಯ ಮನುಷ್ಯ ಸುಮಾರು 26 ಚುಕ್ಕೆ ಎತ್ತರ ಕಾಣುತ್ತಾನೆ. ಮನುಷ್ಯನೇ ಎಂದು ಹೇಳಬಹುದು. 500 ಮೀಟರಿಗೆ ಹೋದರೆ ಒಂದು ಚುಕ್ಕೆ ಒಂದಡಿಗಿಂತ ತುಸು ಹೆಚ್ಚು. ಅದೇ ಮನುಷ್ಯ ಈಗ ಐದು ಚುಕ್ಕೆ ಎತ್ತರ, ಒಂದೂವರೆ ಚುಕ್ಕೆ ಅಗಲ. ಅವನು ಕಳ್ಳನೋ, ಬಹಿರ್ದೆಸೆಗೆ ಹೊರಟ ಕೂಲಿಯವನೋ, ಕರಡಿಯೋ, ಕರುವೋ ಹೇಳುವವರು ಯಾರು? ಒಂದು ಕಿಲೋಮೀಟರಿಗೆ ಉಳಿಯುವುದು ಎರಡೂವರೆ ಚುಕ್ಕೆ. "ಏನೋ ಇದೆ" ಎಂದು ಕಾಣುವುದು ಬೇರೆ, "ಇಂಥದು" ಎಂದು ಅರಿಯುವುದು ಬೇರೆ, "ಇಂಥವನೇ" ಎಂದು ಗುರುತಿಸುವುದು ಮತ್ತೂ ಬೇರೆ. ಮಾರುವವನು ಹೇಳುವುದು ಮೊದಲನೆಯದನ್ನು. ಕೊಳ್ಳುವವನು ಕೇಳಬೇಕಾದುದು ಎರಡನೆಯದನ್ನು.

ನಮ್ಮ ಗೋದಾಮಿನ ಹಿಂದಿನ ಬಯಲು ನಲವತ್ತು ಮೀಟರು ಮೀರದು. ಅಲ್ಲಿಗೆ ಉದ್ದ ನಾಭಿದೂರದ ಮಸೂರ ಹಾಕಿದರೆ, ಅಡ್ಡಕ್ಕೆ 256 ಚುಕ್ಕೆಯಿರುವ ಯಂತ್ರಕ್ಕೆ ಆರೂವರೆ ಮೀಟರು ಅಗಲದ ಪಟ್ಟಿ ಮಾತ್ರ ಕಂಡೀತು. ಉಳಿದ ಬಯಲೆಲ್ಲ ಕಳ್ಳನ ಪಾಲು. 7 ಮಿಲಿಮೀಟರಿನ ಗಿಡ್ಡ ಮಸೂರವಾದರೆ ಹದಿನೇಳು ಮೀಟರಿಗೂ ಹೆಚ್ಚು ಅಗಲ ಕಾಣುತ್ತದೆ, ಮನುಷ್ಯನೂ 24 ಚುಕ್ಕೆ ಎತ್ತರ ಕಾಣುತ್ತಾನೆ. ಅಂದರೆ ಇಲ್ಲಿ ದುಬಾರಿ ಮಸೂರ ಕೊಂಡವನಿಗೇ ಕಡಿಮೆ ಕಾಣುವುದು! 640 ಚುಕ್ಕೆಯ ಯಂತ್ರದ ಬೆಲೆ 256 ಚುಕ್ಕೆಯದಕ್ಕಿಂತ ಬಹಳ ಹೆಚ್ಚು. ಅದು ವಿಶಾಲ ಕಾಡು, ಗಣಿ ಬಯಲುಗಳಿಗೆ ಬೇಕಾದೀತು. ನಮ್ಮ ಅಂಗಳಕ್ಕೆ ಬೇಡ. ಸೆಕೆಂಡಿಗೆ ಎಷ್ಟು ಚಿತ್ರವೆಂದೂ ಕೇಳಿ. ಓಡುವವನನ್ನು ಹಿಂಬಾಲಿಸಿ ನೋಡಲು 25 ಇದ್ದರೆ ಒಳ್ಳೆಯದು. ಅಂಗಳ ಕಾಯಲು 9 ಸಾಕು.

ಬಳ್ಳಾರಿ ಸೀಮೆಯ ಬಿಸಿಲು

ಇನ್ನೊಂದು ವಿಷಯ ಯಾವ ಬಣ್ಣದ ಕಾಗದದಲ್ಲೂ ಇರುವುದಿಲ್ಲ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳು ಹಗಲೆಲ್ಲ ಕಾದು, ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಆರುವುದಿಲ್ಲ. ಮನುಷ್ಯನ ಚರ್ಮದ ಶಾಖ ಸುಮಾರು 33, 34 ಡಿಗ್ರಿ. ಬಂಡೆ, ತಗಡಿನ ಗೋಡೆ, ಅದಿರಿನ ರಾಶಿ ಇವೂ ಅಷ್ಟೇ ಶಾಖದಲ್ಲಿದ್ದರೆ ಅವುಗಳ ಮುಂದೆ ನಿಂತ ಮನುಷ್ಯ ಮಾಯವಾಗುತ್ತಾನೆ. ನಡುರಾತ್ರಿ ಕಳೆದು ಕಲ್ಲು ತಣ್ಣಗಾದ ಮೇಲೆ ಅದೇ ಯಂತ್ರ ಕನ್ನಡಿಯಂತೆ ತೋರಿಸುತ್ತದೆ. ಜೋರು ಮಳೆ, ದಟ್ಟ ಮಂಜಿನಲ್ಲಿ ದೃಷ್ಟಿ ಕುಗ್ಗುತ್ತದೆ. ಆದುದರಿಂದ ತಣ್ಣಗಿನ ಎ.ಸಿ. ಅಂಗಡಿಯಲ್ಲಿ ನೋಡಿ ಕೊಳ್ಳಬೇಡಿ. ನಮ್ಮ ಅಂಗಳಕ್ಕೇ ತರಿಸಿ, ರಾತ್ರಿ ಎಂಟಕ್ಕೊಮ್ಮೆ, ಎರಡಕ್ಕೊಮ್ಮೆ ನೋಡಿ.

ಶಾಖದ ಎಷ್ಟು ಸಣ್ಣ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆಂಬುದನ್ನು ಮಿಲಿಕೆಲ್ವಿನ್‌ನಲ್ಲಿ, ಅಂದರೆ ಒಂದು ಡಿಗ್ರಿಯ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. 50ಕ್ಕಿಂತ 25 ಮೇಲು. ನಮ್ಮ ಬೇಸಿಗೆಗೆ ಈ ಸಂಖ್ಯೆ ಮುಖ್ಯ. ಇಲ್ಲಿಯ ಕೆಂಪು ಧೂಳಿಗೆ ಐಪಿ 67 ಎಂಬ ಗುರುತಿರುವುದು ಬೇಕು. ಧೂಳು ಒಳಹೋಗದೆಂದೂ ನೀರಿಗೆ ಬಿದ್ದರೂ ಸ್ವಲ್ಪ ಹೊತ್ತು ತಡೆಯುತ್ತದೆಂದೂ ಅದರ ಅರ್ಥ. ಬ್ಯಾಟರಿ ಬಿಚ್ಚಿ ಬದಲಾಯಿಸಲು ಬರಬೇಕು. ರಿಪೇರಿ ಎಲ್ಲಿ ಎಂಬುದನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಬೇಕು.

ಕ್ಯಾಮೆರಾ ಮೊದಲು ತಿರುಗಬೇಕಾದುದು ಎತ್ತ?

ಕಳ್ಳನಿಗಿಂತ ದೊಡ್ಡ ಕಳ್ಳ ಬೆಂಕಿ. ಕಳ್ಳ ಒಂದು ಸುರುಳಿ ಒಯ್ದರೆ ಬೆಂಕಿ ಗೋದಾಮನ್ನೇ ಒಯ್ಯುತ್ತದೆ, ಜೊತೆಗೆ ಒಳಗೆ ಮಲಗಿದ ಹಮಾಲನನ್ನೂ. ಸಡಿಲವಾದ ವೈರಿನ ಜೋಡಣೆ ಹೊಗೆಯಾಡುವ ಮುಂಚೆಯೇ ಬಿಸಿಯಾಗುತ್ತದೆ. ಕೆಟ್ಟ ಬೇರಿಂಗೂ ಅಷ್ಟೇ. ಕಲ್ಲಿದ್ದಲ ರಾಶಿ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುವುದು ನಮ್ಮ ಕಾರ್ಮಿಕ ಬಂಧುಗಳಿಗೆ ಹೊಸದಲ್ಲ. ಇವನ್ನೆಲ್ಲ ಥರ್ಮಲ್ ಕ್ಯಾಮೆರಾ ಮುಂಚಿತವಾಗಿ ತೋರಿಸಬಲ್ಲದು. ಆದರೆ ರಾತ್ರಿ ನೋಡುವ ದುರ್ಬೀನಿನ ಮಾದರಿಗಳೆಲ್ಲ ಡಿಗ್ರಿ ಅಳೆಯುವುದಿಲ್ಲ. ಶಾಖವನ್ನು ಅಂಕೆಯಲ್ಲಿ ಕೊಡುವ ಮಾದರಿ ಬೇಕೆಂದು ಸ್ಪಷ್ಟವಾಗಿ ಕೇಳಬೇಕು. ಹೊಳೆಯುವ ತಾಮ್ರ, ಅಲ್ಯೂಮಿನಿಯಂ ಪಟ್ಟಿಗಳು ನಿಜಕ್ಕಿಂತ ತಣ್ಣಗೆ ತೋರಿ ಮೋಸ ಮಾಡುತ್ತವೆ. ಕರೆಂಟು ತೆಗೆಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ, ಆಮೇಲೆ ಆ ಟೇಪನ್ನು ನೋಡಿದರೆ ಸರಿಯಾದ ಅಂಕೆ ಸಿಗುತ್ತದೆ.

ಎತ್ತ ತಿರುಗಬಾರದೆಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಿ ನಮ್ಮ ಜನ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುತ್ತಾರೆ. ಕತ್ತಲೇ ಅವರ ಪರದೆ. ಎತ್ತರದ ಕಂಬಕ್ಕೆ ಏರಿಸಿದ ಶಾಖದ ಕ್ಯಾಮೆರಾಕ್ಕೆ ಆ ಪರದೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಬಂಗಲೆಯವನಿಗೆ ಗೋಡೆಯಿದೆ, ಮಾಳಿಗೆಯ ಮೇಲೆ ಮಲಗುವವನಿಗೂ ಆ ಹಕ್ಕು ಅಷ್ಟೇ ಇದೆ. ಕಾರ್ಖಾನೆಗಳಲ್ಲೂ ಇದೇ ಮಾತು. ಯಂತ್ರದ ಬೇರಿಂಗ್ ನೋಡಲು ತಂದ ಕ್ಯಾಮೆರಾ ಕಾರ್ಮಿಕ ಎಷ್ಟು ಹೊತ್ತು ಕೂತ, ಎಷ್ಟು ಸಲ ಹೊರಗೆ ಹೋದ ಎಂದು ಎಣಿಸತೊಡಗಿದರೆ ಅದನ್ನು ಸುರಕ್ಷತೆ ಎನ್ನಲಾಗದು.

ಕಂಡವರು ಎದ್ದು ಹೋಗಬೇಕು

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹೊಲಗಳಲ್ಲಿ ಕರಡಿ, ಚಿರತೆಗಳ ಭಯ ಹೊಸದಲ್ಲ. ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ರಾತ್ರಿ ನೀರು ಬಿಡಲು ಹೋಗುವ ರೈತನಿಗೆ ಈ ಯಂತ್ರ ಪ್ರಾಣ ಉಳಿಸುವ ಸಾಧನವೂ ಆದೀತು. ಪ್ರಾಣಿ ಕಂಡರೆ ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಬೇಟೆಗೆ ಬಳಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಜೈಲು. ಕೊಯಮತ್ತೂರಿನ ಹತ್ತಿರ ಮದುಕ್ಕರೈಯಲ್ಲಿ ಆನೆಗಳು ರೈಲಿಗೆ ಸಿಕ್ಕಿ ಸಾಯುವುದನ್ನು ತಪ್ಪಿಸಲು 2024ರಲ್ಲಿ ಹಳಿಯುದ್ದಕ್ಕೂ ಗೋಪುರಗಳ ಮೇಲೆ ಥರ್ಮಲ್ ಕ್ಯಾಮೆರಾ ಹಾಕಿದರು. ಅಲ್ಲಿ ಆನೆ ಉಳಿಯುವುದು ಕ್ಯಾಮೆರಾ ಕಂಡದ್ದರಿಂದಷ್ಟೇ ಅಲ್ಲ, ಸುದ್ದಿ ತಲುಪಿದೊಡನೆ ರೈಲಿನ ವೇಗ ತಗ್ಗಿಸುವ ಮನುಷ್ಯನಿರುವುದರಿಂದ.

ಬಾಗಿಲ ಬಳಿ ನಿಂತಿದ್ದ ನಮ್ಮ ಕಾವಲುಗಾರನೂ ಆ ದಿನ ಇದನ್ನೇ ಹೇಳಿದ: "ಕಾಣ್ಸಿದ್ರೆ ಸಾಕಾ ಸರ್? ಹೋಗಿ ನೋಡೋರು ಬೇಕಲ್ಲ?" ನಡುರಾತ್ರಿ ಪರದೆಯ ಮೇಲೆ ಎರಡು ಬಿಳಿ ಆಕೃತಿ ಕಂಡಾಗ ಒಬ್ಬನೇ ಕಾವಲುಗಾರ ಏನು ಮಾಡಬೇಕು? ಒಬ್ಬ ನೋಡುತ್ತಿರಬೇಕು, ಇನ್ನೊಬ್ಬ ದೀಪ ಹಾಕಿ ಕೂಗಬೇಕು. ಯಂತ್ರ ಬಂದ ಮೇಲೆ ಇಬ್ಬರ ಅಗತ್ಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಆದುದರಿಂದ ಅಂಗಡಿಕಾರ ಮಿತ್ರರಿಗೆ ನನ್ನ ಸಲಹೆ ಇಷ್ಟು. ಮೊದಲು ಹಿಂದಿನ ಬಯಲಿಗೆ ಎರಡು ದೀಪ, ಬಾಗಿಲಿಗೆ ಗಟ್ಟಿ ಚಿಲಕ, ಮುಖ ಕಾಣುವ ಒಂದು ಸಾಮಾನ್ಯ ಕ್ಯಾಮೆರಾ ಹಾಕಿಸಿ. ಹೆಚ್ಚಿನ ಅಂಗಡಿಗಳಿಗೆ ಅಷ್ಟೇ ಸಾಕು. ಆಮೇಲೂ ಬೇಕೆನಿಸಿದರೆ ಎಲ್ಲರೂ ಸೇರಿ ಗಿಡ್ಡ ಮಸೂರದ, ಡಿಗ್ರಿ ಅಳೆಯುವ, ಕೈಯಲ್ಲಿ ಹಿಡಿಯುವ ಒಂದೇ ಒಂದು ಯಂತ್ರ ಕೊಳ್ಳಿ. ರಾತ್ರಿ ಅದು ಕಾವಲುಗಾರನ ಕೈಯಲ್ಲಿರಲಿ, ಹಗಲು ವಾರಕ್ಕೊಮ್ಮೆ ಎಲ್ಲ ಅಂಗಡಿಗಳ ಮೀಟರ್ ಬೋರ್ಡು ನೋಡಲಿ. ಎತ್ತ ತಿರುಗಿಸಬಾರದೆಂಬುದನ್ನು ಬರೆದು ಗೋಡೆಗೆ ಅಂಟಿಸಿ.

ಮುಂದಿನ ಸಭೆಯಲ್ಲಿ ಕ್ಯಾಮೆರಾದ ಕೊಟೇಷನ್ನು ಮೇಜಿನ ಮೇಲೆ ಬಂದಾಗ ಇಬ್ಬರು ಕಾವಲುಗಾರರ ಸಂಬಳದ ಪಟ್ಟಿಯೂ ಅದರ ಪಕ್ಕದಲ್ಲೇ ಇರಲಿ. ಅವರಿಬ್ಬರೂ ನಿಂತು ಕೇಳುವುದು ಬೇಡ, ಕುರ್ಚಿ ಹಾಕಿಸಿ.